ಹುಲಿಯ ಬಲವೆಷ್ಟು, ಆಡಿನ ಬಲವೆಷ್ಟು?

ಆಟವೆಂದರೆ ಮಕ್ಕಳ ಪಾಡು, ಅದರಲ್ಲಿ ದೊಡ್ಡವರು ತಲೆಹಾಕತಕ್ಕದ್ದೇನಿದೆ ಎಂದು ನಮ್ಮಲ್ಲಿ ಹಲವರು ಭಾವಿಸುವುದುಂಟು. ಆದರೆ ಆಂಟಾಪ್ ಹಿಲ್ಲಿನ ಸರಕಾರಿ ವಸತಿಗಳಲ್ಲಾಗಲಿ, ವಡಾಲಾ, ಮಾಟುಂಗಾಗಳ ನಮ್ಮವರ ಮನೆಗಳಲ್ಲಾಗಲಿ, ಸಂಜೆ ಮೊಬೈಲ್ ಹಿಡಿದು ಕುಳಿತ ಹುಡುಗನೊಬ್ಬ ಮುಖ ಗಂಟಿಕ್ಕಿ, "ನನ್ನ ಮಂತ್ರವಾದಿಯ ಬಲವನ್ನು ಕಂಪನಿಯವರು ಇಳಿಸಿಬಿಟ್ಟರು!" ಎಂದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಅವನ ದೂರಿನಲ್ಲಿ ನ್ಯಾಯದ ಪ್ರಶ್ನೆಯೊಂದು ಅಡಗಿದೆ.

ಸಂಗತಿ ಇಷ್ಟೆ. ಆನ್‌ಲೈನ್ ಆಟಗಳಲ್ಲಿ ಆಡುವವರು ಒಂದೊಂದು ವರ್ಗವನ್ನು ಆರಿಸಿಕೊಳ್ಳುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಮತ್ತೊಬ್ಬ ಗಾಯ ಮಾಯಿಸುವ ವೈದ್ಯ. ೨೦೦೪ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಇಂತಹ ಆಟಗಳಲ್ಲಿ ಬಹು ಪ್ರಸಿದ್ಧವಾದುದು. ಯಾವುದಾದರೂ ಒಂದು ವರ್ಗದ ಬಲ ಮಿತಿಮೀರಿದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆಟದ ಸ್ವಾರಸ್ಯ ಕೆಡುತ್ತದೆ. ಆಗ ಆಟ ರಚಿಸಿದವರು ಒಂದರ ಬಲವನ್ನು ತಗ್ಗಿಸಿ, ಇನ್ನೊಂದರದನ್ನು ಏರಿಸಿ, ತಕ್ಕಡಿಯನ್ನು ಸಮಗೊಳಿಸುತ್ತಾರೆ. ಇದನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ಈ ತಕ್ಕಡಿಯ ಲೆಕ್ಕ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಆಡು-ಹುಲಿ ಆಟವನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಹುಲಿ ಮೂರು, ಆಡು ಹದಿನೈದು. ಹುಲಿ ಹಾರಿ ತಿನ್ನುತ್ತದೆ; ಆಡುಗಳು ಒಗ್ಗಟ್ಟಿನಿಂದ ಅದರ ದಾರಿ ಕಟ್ಟುತ್ತವೆ. ಬಲ ಒಂದೇ ಅಲ್ಲ, ಆದರೂ ಪಂದ್ಯ ಸಮ. ಇದರ ನಂಟನಾದ ನೇಪಾಳದ 'ಬಾಘ್ ಚಾಲ್'ನಲ್ಲಿ ಹುಲಿ ೪, ಆಡು ೨೦. ಎರಡು ಪಕ್ಷವೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರೆಂದು ಕಂಪ್ಯೂಟರ್ ಲೆಕ್ಕದಿಂದ ತೋರಿಸಿಕೊಟ್ಟ ಸಂಶೋಧನೆ ೨೦೦೯ರಲ್ಲಿ ಪ್ರಕಟವಾಯಿತು. ತಲೆಮಾರುಗಳ ಆಟವೇ ಆ ಸಮತೋಲವನ್ನು ಕಂಡುಕೊಂಡಿತ್ತು!

ಹಾಗಾದರೆ ಆನ್‌ಲೈನ್ ಆಟವನ್ನೂ ಮುಟ್ಟದೆ ಬಿಡಬಹುದೆ? ಬಿಡಲಾಗದು. ೨೦೦೯ರಲ್ಲಿ ಪ್ರಾರಂಭವಾದ 'ಲೀಗ್ ಆಫ್ ಲೆಜೆಂಡ್ಸ್'ನಲ್ಲಿ ಈಗ ೧೬೦ಕ್ಕೂ ಹೆಚ್ಚು ಪಾತ್ರಗಳಿವೆ. ಹೊಸದೊಂದು ಬಂದಾಗಲೆಲ್ಲ ಹಳೆಯ ಲೆಕ್ಕ ಅಲುಗಾಡುತ್ತದೆ. ಆದುದರಿಂದ ಅದರ ರಚನಕಾರರು ಸುಮಾರು ಎರಡು ವಾರಕ್ಕೊಮ್ಮೆ ತಿದ್ದುಪಡಿ ಹೊರಡಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ.

ತಪ್ಪು ಸ್ಪಷ್ಟವಾಗಿದ್ದರೆ ಬೇಗ ತಿದ್ದುವುದೇ ಲೇಸು. ೨೦೦೫ರಲ್ಲಿ ಏಕದಿನ ಕ್ರಿಕೆಟ್ಟಿಗೆ 'ಸೂಪರ್ ಸಬ್' ಎಂಬ ಬದಲಿ ಆಟಗಾರ ಬಂದ. ಅವನ ಹೆಸರನ್ನು ಟಾಸಿಗೆ ಮೊದಲೇ ಹೇಳಬೇಕಾಗಿತ್ತಾದ್ದರಿಂದ ಟಾಸ್ ಗೆದ್ದವರಿಗೆ ಲಾಭವಾಯಿತು. ಮರುವರ್ಷವೇ ಆ ನಿಯಮವನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು.

ಆದರೆ ಬಲವೆಲ್ಲ ತಪ್ಪಲ್ಲ. ೨೦೧೯ರ ಜನವರಿ ೫ರಂದು ನಮ್ಮ ಮುಂಬಯಿಯ ವರ್ಲಿಯಲ್ಲೇ ನಡೆದ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ೨೨ ಅಂಕ ಗಳಿಸಿ ಬೆಂಗಳೂರು ಬುಲ್ಸ್ ತಂಡವನ್ನು ಗೆಲ್ಲಿಸಿದರು. ದಾಳಿಗಾರರ ಕಾಲು ಕಟ್ಟಬೇಕೆಂದು ಮರುದಿನ ಯಾರೂ ನಿಯಮ ಬದಲಾಯಿಸಲಿಲ್ಲ. ಹಿಡಿಯುವವರಿಗೂ ಆಧಾರ ಮೊದಲೇ ಇತ್ತು: ಅಂಗಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನರಿದ್ದಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಪ್ರಬಲನಿಗೆ ಉತ್ತರ ಹುಡುಕುವುದೇ ಆಟದ ಅರ್ಧ ಸುಖ. ಆ ಹುಡುಕಾಟಕ್ಕೆ ಮುಂಚೆಯೇ ನಿಯಮ ತಿದ್ದಿದರೆ ಆ ಸುಖವನ್ನು ಕಸಿದುಕೊಂಡಂತೆ.

ಇನ್ನೊಂದು ಮಾತು. ಆಟವನ್ನೇ ವೃತ್ತಿ ಮಾಡಿಕೊಂಡವನು ಹೊಸ ತಿದ್ದುಪಡಿಯನ್ನು ಎರಡು ದಿನದಲ್ಲಿ ಅರಗಿಸಿಕೊಂಡಾನು. ಶಾಲೆ, ಟ್ಯೂಷನ್ ಮುಗಿಸಿ ದಿನಕ್ಕೊಂದು ಗಂಟೆ ಆಡುವ ಹುಡುಗನಿಗೆ ಎರಡು ವಾರವೆಂದರೆ ಹದಿನಾಲ್ಕೇ ಗಂಟೆ. ಕಲಿತದ್ದು ಕೈಗೆ ಹತ್ತುವ ಮುನ್ನವೇ ಅದು ಹಳತಾಗುತ್ತದೆ. ಪದೇ ಪದೇ ಮಾಡುವ ಬದಲಾವಣೆಯ ಭಾರ ಬೀಳುವುದು ಸಮಯ ಕಡಿಮೆ ಇದ್ದವರ ಮೇಲೆಯೇ. ಬಲವನ್ನು ಹಣಕ್ಕೆ ಮಾರಿ, ಮುಂದಿನ ತಿಂಗಳು ಅದನ್ನೇ ಇಳಿಸಿದರಂತೂ ಅದು ತೂಕದ ಕಲ್ಲನ್ನು ಬದಲಾಯಿಸಿದ ವ್ಯಾಪಾರವಾಗುತ್ತದೆ.

ಆದುದರಿಂದ ಈ ಕ್ರಮ ಯೋಗ್ಯವೆಂದು ತೋರುತ್ತದೆ. ಯಂತ್ರದೋಷವಿದ್ದರೆ ಅಂದೇ ತಿದ್ದಬೇಕು. ಬಲದ ಚಿಕ್ಕಪುಟ್ಟ ಏರಿಳಿತಗಳನ್ನು ಆಡುವವರಿಗೆ ಉತ್ತರ ಹುಡುಕಲು ಸಮಯ ಕೊಟ್ಟು, ಎರಡು ಮೂರು ತಿಂಗಳಿಗೊಮ್ಮೆ ಮಾಡಬೇಕು. ವರ್ಗದ ಸ್ವಭಾವವನ್ನೇ ಬದಲಿಸುವ ತಿದ್ದುಪಡಿ ವರ್ಷಕ್ಕೊಮ್ಮೆ ಸಾಕು. ಅದೂ ಋತುವಿನ ಕೊನೆಯಲ್ಲಿ, ಮುನ್ಸೂಚನೆಯೊಂದಿಗೆ, ಕಾರಣ ಹೇಳಿ, ಖರ್ಚು ಮಾಡಿದವರಿಗೆ ಬೇರೆ ವರ್ಗಕ್ಕೆ ಹೋಗಲು ಅವಕಾಶವಿತ್ತು.

ತಾಯಿತಂದೆಯರು ಮಾಡಬಹುದಾದದ್ದೂ ಇದೆ. ಮಗುವಿನ ದೂರನ್ನು ಗದರಿಸದೆ ಕೇಳಿ. ಆಟದೊಳಗಿನ ಬಲಕ್ಕೆ ಹಣ ಸುರಿಯಬೇಡಿ. ಒಂದು ಭಾನುವಾರ ನೆಲದ ಮೇಲೆ ಸೀಮೆಸುಣ್ಣದಿಂದ ಆಡು-ಹುಲಿಯ ಮನೆ ಬರೆದು, ಒಮ್ಮೆ ಅವನಿಗೆ ಹುಲಿಯನ್ನೂ ಒಮ್ಮೆ ಆಡನ್ನೂ ಕೊಡಿ. ಎರಡೂ ಕಡೆಯಿಂದ ಆಡಿದವನಿಗೆ ನ್ಯಾಯವಾದ ಆಟ ಯಾವುದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.