ಮನೆಯ ವ್ಯಾಪಾರಕ್ಕೂ ಇರಲಿ ಬರಹ, ಸಾಕ್ಷಿ

ಅಂಕೋಲಾದ ಕರಿ ಇಶಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹಣ್ಣಿನ ಕಾಲ ಬಂತೆಂದರೆ ಪರಿಚಯದ ಸಹೋದರಿಯೊಬ್ಬರಿಗೆ ಬಿಡುವೇ ಇರುವುದಿಲ್ಲ. ಮೊಬೈಲಿನಲ್ಲಿ ಆರ್ಡರ್ ಪಡೆದು ಕಾರವಾರದ ಗಿರಾಕಿಗಳಿಗೆ ಬುಟ್ಟಿ ಕಳುಹಿಸುತ್ತಾರೆ. ಒಂದು ಸಂಜೆ ಅಪರಿಚಿತನೊಬ್ಬ ಫೋನ್ ಮಾಡಿ ಹತ್ತು ಬುಟ್ಟಿ ಕೇಳಿದ. ಹಣ ಕಳುಹಿಸಿದ್ದೇನೆಂದು ವಾಟ್ಸಾಪ್‌ನಲ್ಲಿ ಚಿತ್ರವೂ ಬಂತು. ಮಗ ಬಸ್‌ಸ್ಟ್ಯಾಂಡಿಗೆ ಹೋಗಿ, ಬಂದಿದ್ದ ಆಳಿನ ಕೈಗೆ ಬುಟ್ಟಿಗಳನ್ನು ಕೊಟ್ಟ. ರಾತ್ರಿ ನೋಡಿದರೆ ಖಾತೆಗೆ ಒಂದು ಪೈಸೆಯೂ ಬಂದಿರಲಿಲ್ಲ. ತಾಯಿ ಮಗನನ್ನು ಬೈದರು. “ಚಿತ್ರ ನೋಡಿ ಕೊಡು ಎಂದವರು ನೀವೇ ಅಲ್ಲವೇ ಅಮ್ಮಿ?” ಎಂದು ಮಗ ಮುನಿಸಿಕೊಂಡ.

ತಪ್ಪು ಯಾರದು? ಹಣ ನೋಡುವವರು ಯಾರು, ಸರಕು ಕೊಡುವವರು ಯಾರು ಎಂದು ಆ ಮನೆಯಲ್ಲಿ ಮೊದಲೇ ನಿಶ್ಚಯವಾಗಿರಲಿಲ್ಲ. ತಪ್ಪು ಅಲ್ಲಿದೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲದ ವ್ಯವಹಾರದ ಕುರಿತಾಗಿದೆ (ಅಲ್‌ಬಕರ: 282). ಸಾಲ ಸಣ್ಣದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಅದು ಕಲಿಸುತ್ತದೆ. ಬರೆಯುವವನು ಒಬ್ಬ, ಹೇಳಿ ಬರೆಸುವವನು ಸಾಲಗಾರ, ಜೊತೆಗೆ ಸಾಕ್ಷಿಗಳು. ಇದು ಅಪನಂಬಿಕೆಯಲ್ಲ, ಮುಂದೆ ಸಂಶಯ ಹುಟ್ಟದಿರಲೆಂಬ ಏರ್ಪಾಡು. ನಮ್ಮ ಮನೆಯ ಸಣ್ಣ ವ್ಯಾಪಾರಕ್ಕೂ ಇದೇ ದಾರಿ.

ಹಣ ಬಂದ ಮೇಲೆ ಸರಕು

2016ರಲ್ಲಿ ಯುಪಿಐ ಬಂದ ಮೇಲೆ ಮೀನು ಮಾರುವವರೂ ಮೊಬೈಲಿನಲ್ಲಿ ಹಣ ಪಡೆಯುತ್ತಿದ್ದಾರೆ. ಅನುಕೂಲವಿದೆ, ಎಚ್ಚರವೂ ಬೇಕು. ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ನಿಮ್ಮದೇ ಆ್ಯಪ್ ತೆರೆದು ಹಣ ಜಮೆಯಾದುದನ್ನು ನೋಡಿರಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ನಿಮ್ಮ ಹಣ ಹೊರಟಿದೆ ಎಂದೇ ತಿಳಿಯಿರಿ. ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ಬೇರೆಯವರ ಚೀಟಿ ಅಂಟಿಸಿಲ್ಲವೆಂದು ದಿನಾ ಬೆಳಿಗ್ಗೆ ನೋಡಿಕೊಳ್ಳಿ.

ಫೋನಿಗೆ ಬೀಗ, ಲೆಕ್ಕಕ್ಕೆ ಪುಸ್ತಕ

ಫೋನಿಗೆ ಲಾಕ್ ಹಾಕಿರಿ. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆಗಾಗಿ ಆರು ಅಂಕಿಗಳ ಪಿನ್ ಇಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ವ್ಯಾಪಾರಕ್ಕೆ ಬೇರೆ ಖಾತೆಯಿದ್ದರೆ ಮನೆಯ ಉಳಿತಾಯ ಸುರಕ್ಷಿತ. ಆರ್ಡರ್, ಉದ್ರಿ ಎರಡನ್ನೂ ಪುಸ್ತಕದಲ್ಲಿ ಬರೆಯಿರಿ. ಫೋನ್ ನೀರಿಗೆ ಬಿದ್ದರೂ ಲೆಕ್ಕ ಉಳಿಯುತ್ತದೆ.

ಕೆಲಸ ಹಂಚಿಕೊಳ್ಳಿ

ಒಬ್ಬರು ಆರ್ಡರ್ ಬರೆಯಲಿ. ಇನ್ನೊಬ್ಬರು ಹಣ ನೋಡಿ ಪುಸ್ತಕದಲ್ಲಿ ಗುರುತು ಹಾಕಲಿ. ಗುರುತು ಬಿದ್ದ ಮೇಲೆಯೇ ಸರಕು ಹೊರಡಲಿ. ಇಶಾ ನಮಾಝಿನ ನಂತರ ಹತ್ತು ನಿಮಿಷ ಕೂತು ಲೆಕ್ಕ ತಾಳೆ ನೋಡಿ. ಮಕ್ಕಳಾಗಲಿ, ಕೆಲಸದವರಾಗಲಿ ತಪ್ಪಾದರೆ ಹೆದರದೆ ಕೂಡಲೇ ಹೇಳುವಂತಿರಬೇಕು. ಬೈಗುಳಕ್ಕೆ ಅಂಜಿ ಮುಚ್ಚಿಟ್ಟರೆ ಸಮಯ ಕಳೆಯುತ್ತದೆ. ಖಾತೆಯಿಂದ ಹಣ ಹೋದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿರಿ. ವಂಚಕರು ಹಣ ತೆಗೆಯುವ ಮೊದಲೇ ತಿಳಿದರೆ ಅದನ್ನು ತಡೆಹಿಡಿಯಲು ಸಾಧ್ಯ.

ಆ ಸಹೋದರಿಯ ಅಡುಗೆಮನೆಯಲ್ಲಿ ಈಗ ಒಂದು ಪುಸ್ತಕ ನೇತಾಡುತ್ತಿದೆ. ಕಳೆದ ಹಣ ಮರಳಲಿಲ್ಲ. ಆದರೆ ತಾಯಿ ಗುರುತು ಹಾಕದ ಬುಟ್ಟಿಯನ್ನು ಮಗ ಮುಟ್ಟುವುದಿಲ್ಲ. ಇಬ್ಬರ ನಡುವೆ ಮುನಿಸೂ ಇಲ್ಲ. ದುಡಿಮೆ ಹಲಾಲ್ ಆಗಿರಬೇಕೆಂದು ನಾವು ಎಚ್ಚರ ವಹಿಸುತ್ತೇವೆ. ಅದು ವಂಚಕರ ಪಾಲಾಗದಂತೆ ಕಾಯುವುದೂ ಅಲ್ಲಾಹನು ನಮಗೆ ವಹಿಸಿದ ಅಮಾನತ್ ಅಲ್ಲವೇ?