ಕುಂದಾಪುರದಿಂದ ಖಂಡಾಂತರಕ್ಕೆ: ಹ್ಯಾಮ್ ರೇಡಿಯೊದ ಅಕ್ಷರ ಸಂವಹನ

ಹ್ಯಾಮ್ ರೇಡಿಯೊದಲ್ಲಿ ಇಂಟರ್ನೆಟ್ ಇಲ್ಲದೆಯೇ ಅಕ್ಷರಗಳು ಖಂಡ ದಾಟುತ್ತವೆ. ಅದಕ್ಕೆ ಬೇಕಾದದ್ದು ಕೇಂದ್ರ ಸರ್ಕಾರದ ಹವ್ಯಾಸಿ ರೇಡಿಯೊ ಪರವಾನಗಿ, ಟ್ರಾನ್ಸಿವರ್ (ಕಳಿಸುವ ಹಾಗೂ ಕೇಳುವ ರೇಡಿಯೊ), ಕಂಪ್ಯೂಟರ್ ಮತ್ತು ಆಂಟೆನಾ.

ಕಂಪ್ಯೂಟರ್ ಅಕ್ಷರಗಳನ್ನು ಶಿಳ್ಳೆಯಂಥ ಸ್ವರಗಳಾಗಿಸುತ್ತದೆ. ರೇಡಿಯೊ ಅವನ್ನು ಪ್ರಸಾರ ಮಾಡುತ್ತದೆ. ಹೊಸ ಟ್ರಾನ್ಸಿವರ್‌ಗಳಲ್ಲಿ ಹಲವಕ್ಕೆ ಒಂದೇ ಯುಎಸ್‌ಬಿ ಕೇಬಲ್ ಸಾಕು. ಹಳೆಯವಕ್ಕೆ ನಡುವೆ ಸೌಂಡ್‌ಕಾರ್ಡ್ ಇಂಟರ್‌ಫೇಸ್ ಬೇಕು.

ಮುಂದಿನದು ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಉಚಿತ ತಂತ್ರಾಂಶ. ಅದರಲ್ಲಿರುವ, 2017ರಲ್ಲಿ ಬಂದ ಎಫ್‌ಟಿ8 ಎಂಬ ಸಂವಹನ ವಿಧಾನದಲ್ಲಿ ಕಳಿಸುವುದು, ಕೇಳುವುದು 15 ಸೆಕೆಂಡುಗಳ ಸರದಿಯಲ್ಲಿ ನಡೆಯುತ್ತವೆ. ಹಾಗಾಗಿ ಕಂಪ್ಯೂಟರಿನ ಗಡಿಯಾರ 1 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ತಂತ್ರಾಂಶದಲ್ಲಿ ಪರವಾನಗಿಯ ಕರೆಸಂಕೇತದ ಜೊತೆಗೆ, ನಮ್ಮ ಸ್ಥಳ ಭೂಪಟದ ಯಾವ ಚೌಕದಲ್ಲಿದೆ ಎಂದು ಹೇಳುವ ಗ್ರಿಡ್ ಸಂಕೇತವನ್ನೂ ತುಂಬಬೇಕು. ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಪಟ್ಟಣಗಳು ಎಂಕೆ73 ಚೌಕಕ್ಕೆ ಸೇರುತ್ತವೆ.

ರೇಡಿಯೊವನ್ನು 14.074 ಮೆಗಾಹರ್ಟ್ಸ್‌ಗೆ, ಅಪ್ಪರ್ ಸೈಡ್‌ಬ್ಯಾಂಡ್‌ಗೆ ಹೊಂದಿಸಬೇಕು. ಸುಮಾರು 10 ಮೀಟರ್ ಉದ್ದದ ಡೈಪೋಲ್ ತಂತಿಯನ್ನು ವಿದ್ಯುತ್ ತಂತಿಗಳಿಂದ ದೂರವಿರುವ ಎರಡು ತೆಂಗಿನಮರಗಳ ನಡುವೆ ಕಟ್ಟಬಹುದು. ಕಂಪ್ಯೂಟರಿನ ಧ್ವನಿಮಟ್ಟ ಹೆಚ್ಚಾದರೆ ಸಂಕೇತ ಕೆಡುತ್ತದೆ. ರೇಡಿಯೊದ ಎಎಲ್‌ಸಿ (ಸ್ವಯಂಚಾಲಿತ ಮಟ್ಟ ನಿಯಂತ್ರಣ) ಮೀಟರ್ ಅಲುಗದಷ್ಟು ಧ್ವನಿಮಟ್ಟವನ್ನು ತಗ್ಗಿಸಬೇಕು.

ಕರಾವಳಿಯ ಉಪ್ಪುಗಾಳಿ ಕನೆಕ್ಟರ್‌ಗಳನ್ನು ಬೇಗ ಹಾಳುಮಾಡುತ್ತದೆ. ಅವಕ್ಕೆ ನೀರು ಇಳಿಯದ ಟೇಪ್ ಸುತ್ತಬೇಕು. ಗುಡುಗು ಸಿಡಿಲು ಶುರುವಾಗುವ ಮೊದಲೇ ಆಂಟೆನಾ ಕೇಬಲ್ ಕಳಚಿಡುವುದು ಕಡ್ಡಾಯ.