ಕಾಣದ ಗಿರಾಕಿಯ ನಂಬಿಕೆ: ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ದಾರಿ

ಅತ್ತರ್ ಅಂಗಡಿಗೆ ಬಂದವರು ಮುಂಗೈಗೆ ಒಂದು ತೊಟ್ಟು ಹಚ್ಚಿಸಿಕೊಂಡು ಮೂಸಿ ನೋಡುತ್ತಾರೆ. ಬಟ್ಟೆ ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ಖರ್ಜೂರ ಕೊಳ್ಳುವವರು ಒಂದನ್ನು ಬಾಯಿಗೆ ಹಾಕಿ ರುಚಿ ನೋಡುತ್ತಾರೆ. ಫೋನಿನ ಪರದೆಯ ಮೇಲೆ ಇದಾವುದಕ್ಕೂ ಅವಕಾಶವಿಲ್ಲ. ಅಲ್ಲಿ ಗಿರಾಕಿಗೆ ಸಿಗುವುದು ಎರಡೇ: ವ್ಯಾಪಾರಿ ತೋರಿಸಿದ ಚಿತ್ರ ಮತ್ತು ವ್ಯಾಪಾರಿ ಆಡಿದ ಮಾತು. ಆದ್ದರಿಂದ ಆನ್‌ಲೈನ್ ವ್ಯಾಪಾರದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಹೆಚ್ಚು ಜನರಿಗೆ ತಲುಪುವುದು ಹೇಗೆ' ಎಂಬುದಲ್ಲ. 'ನಮ್ಮನ್ನು ಎಂದೂ ನೋಡದವರು ನಮ್ಮನ್ನು ನಂಬುವುದು ಹೇಗೆ' ಎಂಬುದು.

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಮಗೆಲ್ಲ ತಿಳಿದಿದೆ. ಮೇಲೆ ಒಣಗಿದ್ದ ಧಾನ್ಯ ಒಳಗೆ ತೇವವಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಆನ್‌ಲೈನ್ ಗಿರಾಕಿಗೆ ರಾಶಿಯೊಳಗೆ ಕೈ ಹಾಕಲು ಸಾಧ್ಯವೇ ಇಲ್ಲ. ಅವರ ಪರವಾಗಿ ಆ ಕೆಲಸವನ್ನು ವ್ಯಾಪಾರಿಯೇ ಮಾಡಬೇಕು. ಮುಂದೆ ಹೇಳುವ ಎಲ್ಲ ಉಪಾಯಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ನಕ್ಷೆಯಲ್ಲಿ ನಿಮ್ಮ ಅಂಗಡಿ

ಇಂದು ಊರಿಗೆ ಹೊಸಬರು ಬಂದರೆ ದಾರಿಹೋಕರನ್ನು ಕೇಳುವ ಮೊದಲು ಫೋನನ್ನು ಕೇಳುತ್ತಾರೆ. 'ಹತ್ತಿರದ ಟೈಲರ್', 'ಹತ್ತಿರದ ಬೇಕರಿ' ಎಂದು ಹುಡುಕಿದಾಗ ನಕ್ಷೆಯೊಂದಿಗೆ ಅಂಗಡಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಸೇರಲು ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯಬೇಕು. ಇದು ಉಚಿತ. 'ಹಣ ಕೊಟ್ಟರೆ ನಿಮ್ಮ ಅಂಗಡಿಯನ್ನು ಸೇರಿಸುತ್ತೇವೆ' ಎಂದು ಗೂಗಲ್ ಹೆಸರಿನಲ್ಲಿ ಕರೆ ಮಾಡುವವರನ್ನು ನಂಬಬೇಡಿ. ಅಂಗಡಿ ನಿಮ್ಮದೇ ಎಂದು ಖಾತ್ರಿಪಡಿಸಲು ವಿಡಿಯೊ ಕೇಳಿದರೆ ರಸ್ತೆ, ಬೋರ್ಡು ಮತ್ತು ಒಳಗಿನ ಸಾಮಾನು ಕಾಣುವಂತೆ ಚಿತ್ರೀಕರಿಸಿ ಕಳುಹಿಸಿದರಾಯಿತು.

ಇಲ್ಲಿ ಅನೇಕರು ಕಡೆಗಣಿಸುವುದು ಸಮಯವನ್ನು. ಶುಕ್ರವಾರ ಜುಮಾಕ್ಕಾಗಿ ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳು ನಮ್ಮಲ್ಲಿ ಬಹಳ. ಆದರೆ ಪ್ರೊಫೈಲ್‌ನಲ್ಲಿ 'ಬೆಳಿಗ್ಗೆ 9ರಿಂದ ರಾತ್ರಿ 9' ಎಂದೇ ಇರುತ್ತದೆ. ಅದನ್ನು ನಂಬಿ ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಾರೆ, ಮತ್ತೆ ಬರುವುದಿಲ್ಲ. ಒಂದೇ ದಿನಕ್ಕೆ ಎರಡು ಅವಧಿಗಳನ್ನು ನಮೂದಿಸಲು ಅಲ್ಲಿ ಅವಕಾಶವಿದೆ. ರಮಝಾನ್ ಮತ್ತು ಈದ್ ದಿನಗಳಿಗೆ ವಿಶೇಷ ಸಮಯವನ್ನೂ ಹಾಕಬಹುದು.

ಮನೆಯಿಂದಲೇ ಹೊಲಿಗೆ, ಅಡುಗೆ, ಕೇಕ್ ವ್ಯಾಪಾರ ಮಾಡುವ ಸಹೋದರಿಯರು ಮನೆ ವಿಳಾಸ ಎಲ್ಲರಿಗೂ ಕಾಣುತ್ತದೆಂದು ಹಿಂಜರಿಯುತ್ತಾರೆ. ವಿಳಾಸವನ್ನು ಮರೆಮಾಡಿ, ಸಾಮಾನು ತಲುಪಿಸುವ ಪ್ರದೇಶವನ್ನು ಮಾತ್ರ ತೋರಿಸುವ ಆಯ್ಕೆ ಅಲ್ಲಿಯೇ ಇದೆ.

ವಾಟ್ಸಾಪ್: ಅಂಗಡಿಯೇ ಹೊರತು ಧ್ವನಿವರ್ಧಕವಲ್ಲ

ವಾಟ್ಸಾಪ್ ಬಿಸಿನೆಸ್ ಎಂಬ ಪ್ರತ್ಯೇಕ ಉಚಿತ ಆ್ಯಪ್ ಭಾರತದಲ್ಲಿ 2018ರಿಂದ ಇದೆ. ಅದರಲ್ಲಿ ಕ್ಯಾಟಲಾಗ್ ಮಾಡಿ ಪ್ರತಿ ವಸ್ತುವಿನ ಚಿತ್ರ, ಬೆಲೆ ಮತ್ತು ವಿವರ ಹಾಕಬಹುದು. 'ಬೆಲೆಗೆ ಮೆಸೇಜ್ ಮಾಡಿ' ಎಂದು ಬರೆಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಬೆಲೆ ಕೇಳಲು ಸಂಕೋಚಪಡುವವರು ಕೇಳದೆಯೇ ಹೋಗುತ್ತಾರೆ. ಮುಖ ನೋಡಿ ಬೆಲೆ ಹೇಳುತ್ತಾರೆಂಬ ಅನುಮಾನವೂ ಹುಟ್ಟುತ್ತದೆ. ಬೆಲೆಯ ಪಕ್ಕದಲ್ಲಿಯೇ ತೂಕ ಅಥವಾ ಅಳತೆ ಮತ್ತು ಸಾಗಾಟದ ಖರ್ಚನ್ನು ಬರೆಯಿರಿ.

ದಿನವೂ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಒಮ್ಮೆ ಬರೆದಿಟ್ಟುಕೊಂಡು ಒಂದೇ ಒತ್ತಿಗೆ ಕಳುಹಿಸುವ ಸೌಲಭ್ಯವಿದೆ. 'ಹಣ ಬಂದಿದೆ', 'ಕಳುಹಿಸಬೇಕು' ಎಂದು ಗಿರಾಕಿಗಳ ಹೆಸರಿಗೆ ಲೇಬಲ್ ಅಂಟಿಸಬಹುದು. ಹೊಸ ಮಾಲಿನ ಸುದ್ದಿಯನ್ನು ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಒಮ್ಮೆಗೆ 256 ಮಂದಿಗೆ ಕಳುಹಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಸಾಮಾನು ಕೊಡುವಾಗಲೇ 'ನಂಬರ್ ಸೇವ್ ಮಾಡಿಕೊಳ್ಳಿ' ಎಂದು ಹೇಳುವುದು ಲಾಭ. ಕೇಳದೆ ಜನರನ್ನು ಗುಂಪಿಗೆ ಸೇರಿಸುವುದು, ಮೊಹಲ್ಲಾ ಗುಂಪಿನಲ್ಲಿ ದಿನಕ್ಕೆ ಹತ್ತು ಜಾಹೀರಾತು ಹಾಕುವುದು ಕಿರಿಕಿರಿ ಉಂಟುಮಾಡುತ್ತದೆ. ಗಿರಾಕಿ ಕೊಟ್ಟ ನಂಬರ್ ಒಂದು ಅಮಾನತ್. ಅದನ್ನು ಇನ್ನೊಬ್ಬ ವ್ಯಾಪಾರಿಗೆ ದಾಟಿಸಬಾರದು.

ಏನನ್ನು ತೋರಿಸಬೇಕು?

ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ನಲ್ಲಿ ಸಣ್ಣ ವ್ಯಾಪಾರಿಗೆ ದೊಡ್ಡ ಕಂಪನಿಗಿಂತ ಒಂದು ಅನುಕೂಲ ಹೆಚ್ಚಿದೆ. ವಸ್ತು ತಯಾರಾಗುವುದನ್ನು ಆತ ಕಣ್ಣೆದುರೇ ತೋರಿಸಬಲ್ಲ. ಬೀದರಿನ ಬಿದರಿ ಕಲೆಯನ್ನೇ ತೆಗೆದುಕೊಳ್ಳಿ. ಈ ಕಲೆಗಾಗಿಯೇ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಅಲ್ಲಿಯವರೆಗೆ ಲೋಹ ಮತ್ತು ಬೆಳ್ಳಿ ಎರಡೂ ಒಂದೇ ಬಣ್ಣದಂತೆ ಕಾಣುತ್ತವೆ. ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಆ ಅರ್ಧ ನಿಮಿಷದ ವಿಡಿಯೊ ಯಾವ ಜಾಹೀರಾತಿಗೂ ಕಡಿಮೆಯಲ್ಲ. ಈ ಹೂದಾನಿಗೆ ಇಷ್ಟು ಬೆಲೆ ಏಕೆ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ.

ಎಲ್ಲರ ಬಳಿಯೂ ಬಿದರಿ ಇರುವುದಿಲ್ಲ, ನಿಜ. ಆದರೆ ಬೇಕರಿಯವರು ಹಿಟ್ಟು ನಾದುವುದನ್ನು, ಟೈಲರ್ ಒಳಹೊಲಿಗೆಯನ್ನು, ಉಪ್ಪಿನಕಾಯಿ ಮಾಡುವವರು ತಾವು ಬಳಸುವ ಎಣ್ಣೆಯನ್ನು ತೋರಿಸಬಹುದು. ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಫೋನಿನಲ್ಲಿ ತೆಗೆದ ಚಿತ್ರ ಸಾಕು. ಬಣ್ಣ ಹೆಚ್ಚಿಸುವ ಫಿಲ್ಟರ್ ಬೇಡ. 'ಕೈಮಗ್ಗದ್ದು, ನೇಯ್ಗೆಯಲ್ಲಿ ಸಣ್ಣ ವ್ಯತ್ಯಾಸವಿದೆ', 'ತೊಳೆದರೆ ಮೊದಲ ಸಲ ಬಣ್ಣ ಬಿಡುತ್ತದೆ' ಎಂದು ಕುಂದನ್ನೂ ಮೊದಲೇ ಹೇಳಿದರೆ ವಾಪಸ್ ಬರುವ ಮಾಲು ಕಡಿಮೆಯಾಗುತ್ತದೆ. ಅತ್ತರ್‌ನಂಥ ವಸ್ತುವಿಗೆ ಚಿಕ್ಕ ಸೀಸೆಯ ಮಾದರಿಗಳನ್ನು ಕಡಿಮೆ ಬೆಲೆಗೆ ಕಳುಹಿಸುವುದು ಒಳ್ಳೆಯ ದಾರಿ. ಗಿರಾಕಿಗಳ ಫೋಟೊ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಲೇಬೇಕು.

ನಕ್ಷತ್ರಗಳನ್ನು ಕೊಳ್ಳಬೇಡಿ

ಹೊಸ ಗಿರಾಕಿ ಮೊದಲು ನೋಡುವುದು ಬೇರೆ ಗಿರಾಕಿಗಳ ಅಭಿಪ್ರಾಯವನ್ನು. ಹಾಗೆಂದು ಸಂಬಂಧಿಕರಿಂದ ಐದು ನಕ್ಷತ್ರ ಹಾಕಿಸುವುದು, ಹಣ ಕೊಟ್ಟು ಹೊಗಳಿಕೆ ಬರೆಸುವುದು ತೇವದ ಧಾನ್ಯದ ಮೇಲೆ ಒಣಗಿದ್ದನ್ನು ಹರಡಿದಂತೆಯೇ. ಗೂಗಲ್ ಇದನ್ನು ನಿಷೇಧಿಸಿದೆ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ವ್ಯಾಪಾರಿಯೇ ಗ್ರಾಹಕನಂತೆ ನಟಿಸಿ ಅಭಿಪ್ರಾಯ ಬರೆಯುವುದು 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರವೂ ತಪ್ಪು. ದೋಷವಿರುವ ಅಥವಾ ವರ್ಣಿಸಿದಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ ಎಂದೂ ಆ ನಿಯಮಗಳು ಹೇಳುತ್ತವೆ.

ತೃಪ್ತರಾದ ಗಿರಾಕಿಗಳಿಗೆ 'ನಿಮ್ಮ ಅನಿಸಿಕೆ ಬರೆಯಿರಿ' ಎಂದು ಕೇಳುವುದರಲ್ಲಿ ತಪ್ಪಿಲ್ಲ. ಯಾರಾದರೂ ದೂರಿದರೆ ವಾದಕ್ಕಿಳಿಯದೆ, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಬರೆಯಿರಿ. ದೂರು ಬರೆದವರಿಗಿಂತ, ಅದನ್ನು ಮುಂದೆ ಓದುವವರ ಮೇಲೆ ಆ ಉತ್ತರದ ಪರಿಣಾಮ ಹೆಚ್ಚು.

ಮಾತಿಗೆ ತಪ್ಪುವುದೂ ಇದೇ ಸಾಲಿನದು. ಈದ್‌ಗೆ ಮುಂಚಿನ ವಾರ ಬಂದ ಹೊಲಿಗೆ ಆರ್ಡರನ್ನೆಲ್ಲ ಒಪ್ಪಿಕೊಂಡು, ಚಾಂದ್ ರಾತ್ ದಿನ ಫೋನ್ ಆಫ್ ಮಾಡಿದರೆ ವರ್ಷದ ಪ್ರಚಾರವೆಲ್ಲ ನೀರಿಗೆ ಹೋಯಿತೆಂದೇ ಲೆಕ್ಕ. ಇಂಥ ದಿನಕ್ಕೆ ಆರ್ಡರ್ ನಿಲ್ಲಿಸುತ್ತೇವೆ ಎಂದು ಮೊದಲೇ ಪ್ರಕಟಿಸಿ, ಹಾಗೆಯೇ ನಡೆದುಕೊಳ್ಳಿ. ಹಣ ಕೊಟ್ಟು ಜಾಹೀರಾತು ಹಾಕುವುದು ಇದೆಲ್ಲ ಸರಿಯಾದ ನಂತರದ ಮಾತು. ಆಗಲೂ ನೀವು ಸಾಮಾನು ತಲುಪಿಸಬಲ್ಲ ಪ್ರದೇಶಕ್ಕಷ್ಟೇ ಸೀಮಿತಗೊಳಿಸಿ, ಸಣ್ಣ ಮೊತ್ತದಿಂದ ಶುರುಮಾಡಿ.

ಹಣ, ಲೆಕ್ಕ, ಕಾನೂನು

ಯುಪಿಐಯಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಎದುರಿನವರು ಕಳುಹಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಸೇನೆಯ ಅಧಿಕಾರಿಯೆಂದು ಹೇಳಿ ದೊಡ್ಡ ಆರ್ಡರ್ ಕೊಟ್ಟು, 'ಹಣ ಬರಲು ಇದನ್ನು ಸ್ಕ್ಯಾನ್ ಮಾಡಿ' ಎನ್ನುವವರು ವಂಚಕರು. ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕಳುಹಿಸಬೇಡಿ, ಬ್ಯಾಂಕ್ ಖಾತೆಯನ್ನೇ ನೋಡಿ. ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿ ಕಂಡಿತು. ಹೆದರಿ ಹಿಂದೆ ಸರಿಯುವುದಕ್ಕಿಂತ ನಿಯಮ ತಿಳಿದುಕೊಳ್ಳುವುದು ಮೇಲು. ವಸ್ತು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ಹಣ್ಣು, ತರಕಾರಿಯಂಥ ತೆರಿಗೆಯಿಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ಬೇಡ. ಆದರೆ ಕೆಲವು ಕರಕುಶಲ ವಸ್ತುಗಳ ಹೊರತು, ತೆರಿಗೆಯಿರುವ ಸಾಮಾನನ್ನು ಹೊರರಾಜ್ಯಕ್ಕೆ ಮಾರುವವರಿಗೆ ವಹಿವಾಟು ಸಣ್ಣದಾದರೂ ನೋಂದಣಿ ಕಡ್ಡಾಯ. ಆನ್‌ಲೈನ್‌ಗೆ ಬಂದ ಮೇಲೆ ಆರ್ಡರ್ ಕೇರಳದಿಂದಲೂ ಬರಬಹುದು, ಗೋವಾದಿಂದಲೂ ಬರಬಹುದು. ಮೊದಲೇ ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಡಿ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಮನೆಯ ಹಣ, ಸಂಬಂಧಿಕರ ಸಾಲ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಬೆರೆತರೆ ಯಾವುದು ವಹಿವಾಟು ಎಂದು ವಿವರಿಸುವುದೇ ಕಷ್ಟ. ಝಕಾತ್ ಲೆಕ್ಕ ಹಾಕುವಾಗಲೂ ಈ ಪ್ರತ್ಯೇಕ ಖಾತೆ ನೆರವಾಗುತ್ತದೆ.

ಮನೆಯಲ್ಲಿ ಮಾಡಿದ ತಿಂಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಿ. ಜೊತೆಗೆ ತಯಾರಿಸಿದ ದಿನ, ಬಳಸಿದ ಪದಾರ್ಥಗಳು ಮತ್ತು ತೂಕ ಇರಲಿ. ಇದು ಕಾನೂನಿನ ಮಾತು ಮಾತ್ರವಲ್ಲ, ಮುಖ ಕಾಣದ ಗಿರಾಕಿಗೆ ನಾವು ಕೊಡುವ ಜಾಮೀನು.

ಇಷ್ಟನ್ನೂ ಒಂದೇ ದಿನದಲ್ಲಿ ಮಾಡಬೇಕಾಗಿಲ್ಲ. ವಾರಕ್ಕೊಂದು ಕೆಲಸ ಎಂದಿಟ್ಟುಕೊಂಡರೂ ಎರಡು ತಿಂಗಳೊಳಗೆ ಮುಗಿಯುತ್ತದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ. ಫೋನಿನ ಕೆಲಸ ಅವರು ಬಲ್ಲರು, ಮಾಲಿನ ಗುಣ ನೀವು ಬಲ್ಲಿರಿ. ಇಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಿಮ್ಮ ಅಂಗಡಿಯ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿ. ಅಲ್ಲಿ ಕಾಣುವ ನಂಬರ್, ಸಮಯ, ಚಿತ್ರಗಳು ನಿಜವೇ ಎಂದು ಪರೀಕ್ಷಿಸಿ, ತಪ್ಪಿರುವುದನ್ನು ಮೊದಲು ತಿದ್ದಿ.